ಮಂಜಿನಲ್ಲಿ ಹೆಸರು ಹಿಡಿದು ಕೂಗಿದ್ದು

ಸೆಂಟ್ರಲ್ ಒಟಾಗೋದ ಆ ಸೈಕಲ್ ದಾರಿಯಲ್ಲಿ ಹಿಂದೆ ರೈಲು ಓಡುತ್ತಿತ್ತಂತೆ. ಹಳಿ ಕಿತ್ತು, ಜಲ್ಲಿ ಹಾಸಿ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಕಾರು ಬರುವಂತಿಲ್ಲ. ಒಂದು ಮಗ್ಗುಲಿಗೆ ದ್ರಾಕ್ಷಿ ತೋಟ, ಇನ್ನೊಂದು ಮಗ್ಗುಲಿಗೆ ಕಾಲುವೆ. ಚಿನ್ನದ ಮಣ್ಣು ತೊಳೆಯಲು ತೋಡಿದ್ದು, ಈಗ ತೋಟಗಳಿಗೆ ನೀರುಣಿಸುತ್ತದೆ. "ಟ್ರಾಫಿಕ್ಕೇ ಇಲ್ಲದ ರಸ್ತೆ ಕಣೇ, ಇನ್ನೇನು ಬೇಕು ನಿಂಗೆ" ಎಂದು ನನ್ನನ್ನು ನಾವಿರುವ ಡನೀಡಿನ್‌ನಿಂದ ಹೊರಡಿಸಿದವರು ನಮ್ಮ ಯಜಮಾನರು. ಟ್ರಾಫಿಕ್ ಇಲ್ಲದ ಕಡೆ ಎಂಥ ನಿಶ್ಶಬ್ದ ಇರುತ್ತದೆ ಎಂದು ಇಬ್ಬರೂ ಯೋಚಿಸಿರಲಿಲ್ಲ.

ಅವರದು ಒಂದು ಡೇರಿ. ಈ ದೇಶದಲ್ಲಿ ಡೇರಿ ಎಂದರೆ ಹಾಲಿನಿಂದ ಬೆಂಕಿಪೊಟ್ಟಣದವರೆಗೆ ಎಲ್ಲ ಸಿಗುವ ಮೂಲೆ ಅಂಗಡಿ. ಗಲ್ಲಾದ ಹಿಂದೆ ಕೂತು ಕೂತು ಸಕ್ಕರೆ ಕಾಯಿಲೆ ಬಂತು. ಈಚೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದೇ ನೆಪವಾಯಿತು. ನಾನು ವೃದ್ಧಾಶ್ರಮವೊಂದರಲ್ಲಿ ನರ್ಸ್. ಸಕ್ಕರೆ ಏರಿದರೆ ಬಯ್ಯುವುದಕ್ಕೆ ಪುರಸೊತ್ತಿರುತ್ತದೆ, ಇಳಿದರೆ ಇರುವುದಿಲ್ಲ. ಇದು ಕೆಲಸದಲ್ಲಿ ನೋಡಿ ಕಲಿತದ್ದು.

ಏಪ್ರಿಲ್ ಕೊನೆಯ ರಜೆ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಆಗ ಚಳಿ ಶುರುವಾಗುವ ಹೊತ್ತು. ಮೋಟೆಲಿನಲ್ಲಿ ಅವರು ಇನ್ಸುಲಿನ್ ತೆಗೆದುಕೊಂಡರು, ಆದರೆ ಬ್ರೆಡ್ಡು ತಣ್ಣಗಿದೆ ಎಂದು ಅರ್ಧಕ್ಕೇ ಬಿಟ್ಟೆದ್ದರು. ನಾನು ಚಪಾತಿಗೆ ಶೇಂಗಾ ಚಟ್ನಿ ಸವರಿ ಸುತ್ತಿದ್ದೆ, ಬಾಳೆಹಣ್ಣು ಮತ್ತು ಜ್ಯೂಸಿನ ಡಬ್ಬಿಗಳನ್ನೂ ಇಟ್ಟುಕೊಂಡಿದ್ದೆ. ತಿನ್ನುವ ಚೀಲ ನನ್ನ ಸೈಕಲ್ಲಿಗೆ, ಪಂಪು ಪಾನಾ ಅವರ ಸೈಕಲ್ಲಿಗೆ. ಮನೆಯಲ್ಲೂ ನಮ್ಮದು ಹೀಗೆಯೇ, ಅಡುಗೆಮನೆ ನನ್ನದು, ಗ್ಯಾರೇಜು ಅವರದು. ಅದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ.

ಸೈಕಲ್ ಬಾಡಿಗೆ ಕೊಟ್ಟ ಹೆಂಗಸು ಕಿಟಕಿಯಾಚೆ ನೋಡಿ, ಮಂಜು ಮಧ್ಯಾಹ್ನದವರೆಗೂ ಏಳುವುದಿಲ್ಲ, ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ, ಕಾಲುವೆ ಹತ್ತಿರ ಶಬ್ದ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ ಎಂದಳು. ಯಜಮಾನರು ತಲೆಯಾಡಿಸಿ, ಹೊರಗೆ ಬಂದ ಮೇಲೆ, "ಇವಳೇನು ನಮಗೆ ಮಂಜು ತೋರಿಸ್ತಾಳೆ, ಡನೀಡಿನ್ನಿನೋರಿಗೆ" ಎಂದರು.

ಆದರೆ ಡನೀಡಿನ್‌ನ ಮಂಜು ಗಾಳಿಗೆ ಓಡಾಡುತ್ತದೆ. ಇದು ಕದಲದೆ ಕೂತಿತ್ತು. ಕೊಯ್ಲಾಗದೆ ಉಳಿದ ಸಾಲುಗಳ ಮೇಲೆ ಹಕ್ಕಿ ಬೀಳದಂತೆ ಬಿಳಿಯ ಬಲೆ ಹೊದಿಸಿದ್ದರು. ಸಾಲುಸಾಲಾಗಿ ಮುಸುಕು ಹಾಕಿಕೊಂಡು ಕೂತವರ ಹಾಗೆ ಕಾಣುತ್ತಿದ್ದವು. ಎಲ್ಲೋ ಒಂದು ಕಡೆ, ಮನುಷ್ಯರಿಲ್ಲದೆ ತಾನಾಗಿಯೇ ಸಿಡಿಯುವ ಹಕ್ಕಿ ಬೆದರಿಸುವ ಗ್ಯಾಸ್ ಬಂದೂಕು ಢಮ್ ಎನ್ನುತ್ತಿತ್ತು. ಅದು ಎದುರಿನಿಂದ ಬಂತೆಂದುಕೊಂಡರೆ ಮತ್ತೊಮ್ಮೆ ಬೆನ್ನ ಹಿಂದೆ ಕೇಳಿಸುತ್ತಿತ್ತು.

ಅವರು ಮುಂದೆ, ನಾನು ಹಿಂದೆ. ಅವರ ಹಿಂದಿನ ಕೆಂಪು ದೀಪ ನೋಡುತ್ತ ತುಳಿಯುತ್ತಿದ್ದೆ. ಕೈಗವಸು ಸರಿಮಾಡಿಕೊಳ್ಳಲು ಒಂದು ಕ್ಷಣ ನಿಂತು ತಲೆಯೆತ್ತಿದಾಗ ದೀಪ ಇರಲಿಲ್ಲ.

ಮೊದಲು ಗಾಬರಿಯಾಗಲಿಲ್ಲ. ಜೋರಾಗಿ ತುಳಿದೆ. ದಾರಿ ಎರಡಾಗಿ ಒಡೆಯುವ ಕಡೆ ಬಂದೆ. ಒಂದು ತೋಟದ ಅಂಚಿಗೆ, ಇನ್ನೊಂದು ಕಾಲುವೆ ಏರಿಯ ಮೇಲಕ್ಕೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಆಗ ನೆನಪಾಯಿತು, ಚಳಿ ಎಂದು ಅವರು ಬೆಳಗ್ಗೆ ಜಾಕೆಟ್ ಬದಲಾಯಿಸಿದ್ದರು. ಗ್ಲೂಕೋಸ್ ಮಾತ್ರೆ ಇದ್ದದ್ದು ತೆಳು ಜಾಕೆಟ್ಟಿನ ಜೇಬಿನಲ್ಲಿ, ಅದು ಮೋಟೆಲಿನ ಕುರ್ಚಿಯ ಮೇಲೆ. ಅರ್ಧ ಬ್ರೆಡ್ಡು, ಪೂರ್ತಿ ಇನ್ಸುಲಿನ್, ಇಷ್ಟು ಹೊತ್ತಿನ ಸೈಕಲ್. ತಿನ್ನುವುದೆಲ್ಲ ನನ್ನ ಚೀಲದಲ್ಲಿ.

"ರೀ" ಎಂದು ಕೂಗಿದೆ. ಮಂಜು ಅದನ್ನು ನುಂಗಿತು. ಏರಿಗೆ ಹೋಗಿ ಕೂಗಿದೆ, ಹಿಂದಿರುಗಿ ತೋಟದ ಅಂಚಿನಲ್ಲಿ ಕೂಗಿದೆ. ಎಷ್ಟು ಎಳೆದರೂ ಅದು ಒಂದು ಪುಟ್ಟ ಶಬ್ದ, ಹಕ್ಕಿಯದೂ ಆಗಬಹುದು, ಗೇಟಿನ ಕೀಲಿನದೂ ಆಗಬಹುದು.

ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸಿದ್ದು ಬಿಟ್ಟರೆ ನಾನು ಅವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಅವರ ಕಾರ್ಡು ಮುಂದೆ ಹಿಡಿಯುತ್ತೇನೆ. ಮಗಳು ನಗುತ್ತಾಳೆ. ಆವತ್ತು ಏರಿಯ ಮೇಲೆ ನಿಂತು, ಎದೆ ತುಂಬ ಉಸಿರೆಳೆದು, ಹೆಸರು ಹಿಡಿದು ಕೂಗಿದೆ. ನನ್ನದೇ ದನಿ ನನಗೆ ಪರಕೀಯವಾಗಿ ಕೇಳಿಸಿತು. ಕೂಗಿದ ಮೇಲೆ ಮೊದಲಿಗಿಂತ ಹೆಚ್ಚು ಮೌನವಾಯಿತು. ಆ ಮೌನದಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನ್ನಿಸಿತು.

ಇನ್ನೊಮ್ಮೆ ಕೂಗಿದೆ. ಕೆಳಗೆಲ್ಲೋ ಜೊಂಡಿನಲ್ಲಿ ಸರಸರ ಸದ್ದಾಯಿತು. ಯಾರೋ ನನ್ನಿಂದ ದೂರ ಸರಿಯುತ್ತಿದ್ದರು.

ಅಲ್ಲಿಗೆ ಹೊಳೆಯಿತು. ಯಜಮಾನರ ಅಜ್ಜಿ ಹೊಸದುರ್ಗದ ಕಡೆಯವರು. ಮೊಮ್ಮಕ್ಕಳಿಗೆಲ್ಲ ಒಂದು ಮಾತು ಗಟ್ಟಿ ಮಾಡಿಸಿದ್ದರು. ಮುಖ ಕಾಣದ ಹೆಂಗಸಿನ ದನಿ ಹೆಸರು ಹಿಡಿದು ಕರೆದರೆ ಓಗೊಡಬಾರದು, ಸುಮ್ಮನೆ ಆ ಜಾಗ ಬಿಡಬೇಕು. ಯಜಮಾನರು ಇದನ್ನು ತಮಾಷೆಯಾಗಿ ಎಷ್ಟು ಸಲ ಹೇಳಿದ್ದಾರೋ. ಆದರೆ ಸಕ್ಕರೆ ಇಳಿದು ತಲೆ ಮಂಕಾದವರಿಗೆ ತಮಾಷೆ ಎಲ್ಲಿ ಉಳಿದಿರುತ್ತದೆ? ನಮ್ಮ ಆಶ್ರಮದಲ್ಲಿ ನೋಡಿದ್ದೇನೆ, ಬುದ್ಧಿ ಕಳಚಿದಾಗ ಉಳಿಯುವುದು ಬಾಲ್ಯದಲ್ಲಿ ಕಲಿತದ್ದೇ. ಅವರ ಹೆಸರು ಕರೆಯುವ ಹೆಂಗಸು ಯಾರಾದರೂ ಆಗಿರಬಹುದು, ಹೆಂಡತಿಯಂತೂ ಅಲ್ಲ. ನಾನು ಕೂಗಿದಷ್ಟೂ ಅವರು ನೀರಿನ ಕಡೆಗೆ ಹೋಗುತ್ತಾರೆ.

ಸೈಕಲ್ ಅಲ್ಲೇ ಕೆಡವಿ, ಚೀಲ ಹೆಗಲಿಗೆ ಹಾಕಿಕೊಂಡು, ತೋಟದ ಕಡೆಯ ಇಳಿಜಾರಿನಿಂದ ಸುತ್ತಿ ಇಳಿಯುತ್ತ ಬಯ್ಯತೊಡಗಿದೆ.

"ಅರ್ಧ ಬ್ರೆಡ್ ತಿಂದು ಎದ್ದು ಬಂದ್ರಲ್ಲ, ಹೇಳಿದ್ನಾ ಇಲ್ವಾ ನಾನು? ಜಾಕೆಟ್ ಬದಲಾಯಿಸ್ತೀರಾ, ಜೇಬು ನೋಡೋದು ಗೊತ್ತಿಲ್ವಾ? ಗ್ಯಾರೇಜಲ್ಲೂ ಹಿಂಗೇ, ಸ್ಪ್ಯಾನರ್ ಒಂದು ಕಡೆ, ಇವರು ಒಂದು ಕಡೆ. ಚಪಾತಿ ಆರಿ ರಟ್ಟಾಗಿದೆ. ಯಾರು ತಿಂತಾರೆ ಅದನ್ನ, ನಾನಾ?"

ಮಾತು ನಿಲ್ಲಿಸಿದರೆ ಎಲ್ಲಿ ಮೌನ ಮತ್ತೆ ಮುತ್ತಿಕೊಳ್ಳುತ್ತದೋ ಎಂದು ಬಯ್ಯುತ್ತಲೇ ಇದ್ದೆ.

"ಚಟ್ನಿ ಜಾಸ್ತಿ ಹಾಕಿದೀಯಾ?" ಎಂದಿತು ಮಂಜು, ತೊದಲುತ್ತ.

ಅವರು ಕಾಲುವೆಯ ಅಂಚಿನಲ್ಲಿ ನಿಂತಿದ್ದರು, ಸೈಕಲ್ ಜೊಂಡಿನಲ್ಲಿ ಬಿದ್ದಿತ್ತು. ಒಂದು ಬೂಟು ನೀರಿನೊಳಗಿತ್ತು. ಆ ಚಳಿಯಲ್ಲೂ ಮುಖವೆಲ್ಲ ಬೆವರು. ನೆನೆದ ಬೂಟು ಅವರಿಗೆ ಗೊತ್ತೇ ಇರಲಿಲ್ಲ. ತೋಳು ಹಿಡಿದು ಈಚೆಗೆಳೆದು ಕೂರಿಸಿ ಜ್ಯೂಸ್ ಕುಡಿಸಿದೆ. ಒಂದು, ಮೇಲೊಂದು. ಬೆರಳು ಚುಚ್ಚಿ ನೋಡಿದರೆ ಮೀಟರಿನ ಅಂಕಿ ಇರಬಾರದ ಕಡೆ ಇತ್ತು. ನಿಧಾನಕ್ಕೆ ಏರಿತು. ಆಮೇಲೆ ರಟ್ಟಿನಂಥ ಚಪಾತಿಯನ್ನು ಚೂರೂ ಬಿಡದೆ ತಿಂದರು.

ವಾಪಸ್ಸಿಗೆ ಆ ದಾರಿ ಬೇಡವೆಂದೆ. ಅವರೂ ಬೇಡವೆಂದರು. ಲಾರಿ, ಪಿಕಪ್ ಗಾಡಿಗಳು ಓಡುವ ಹೆದ್ದಾರಿಯ ಬದಿಯಲ್ಲಿ ಸೈಕಲ್ ತಳ್ಳಿಕೊಂಡು ಊರು ಸೇರಿದೆವು. ಒಂದೊಂದು ಲಾರಿ ಪಕ್ಕದಲ್ಲಿ ಹಾದಾಗಲೂ ಜೀವ ಹಗುರವಾಗುತ್ತಿತ್ತು.

ಸಂಜೆ ಮೋಟೆಲಿನ ಪುಟ್ಟ ಒಲೆಯ ಮೇಲೆ ಅನ್ನ, ತಿಳಿಸಾರು ಮಾಡಿದೆ. ಬೂಟನ್ನು ಹೀಟರಿನ ಮುಂದೆ ಒರಗಿಸಿದ್ದೆ. ಉಂಡಾದ ಮೇಲೆ ಅವರು, "ಒಂದ್ಸಲ ಕೂಗು ನೋಡಾಣ" ಎಂದರು.

"ಏನನ್ನ?"

"ನನ್ನ ಹೆಸರನ್ನ. ಅಲ್ಲಿ ಕೂಗಿದೆ ಅಂತೀಯಲ್ಲ, ಹಂಗೇ."

"ಸುಮ್ನಿರ್ರಿ, ಪಕ್ಕದ ರೂಮಿನೋರು ಏನಂದ್ಕೋತಾರೆ."

"ಅವರಿಗೇನು ಗೊತ್ತಾಗುತ್ತೆ ಅದು ನನ್ನ ಹೆಸರು ಅಂತ. ಕೂಗೇ."

ತಟ್ಟೆ ಒರೆಸುತ್ತ, ಅವರ ಕಡೆ ನೋಡದೆ ಕರೆದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇದೊಂದು ಕೇಳ್ತು. ಏರಿ ಮೇಲಿಂದ. ಅದಕ್ಕೇ ಹೆದರಿ ಕೆಳಗಿಳಿದೆ." ಕಣ್ಣು ತೆರೆದು ಹೇಳಿದರು. "ಇನ್ನೊಂದು ಇದಲ್ಲ."

"ಯಾವ ಇನ್ನೊಂದು?"

"ನೀರಿನ ಆ ಕಡೆಯಿಂದ ಕರೀತಿತ್ತಲ್ಲ. ಮೆತ್ತಗೆ."

ನಾನು ಕಾಲುವೆ ದಾಟಿರಲಿಲ್ಲ. ಮೆತ್ತಗೆ ಕರೆದೂ ಇರಲಿಲ್ಲ. ಸಕ್ಕರೆ ಇಳಿದಾಗ ಇಲ್ಲದ್ದು ಕೇಳಿಸುತ್ತದೆ, ಮಂಜಿನಲ್ಲಿ ದನಿ ದಿಕ್ಕು ತಪ್ಪುತ್ತದೆ, ಬಾಡಿಗೆ ಅಂಗಡಿಯವಳೂ ಹೇಳಿರಲಿಲ್ಲವೇ ಎಂದು ನರ್ಸ್ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವರು ಹೂಂಗುಟ್ಟಿದರು.

"ನೀವೇನಾದ್ರೂ ಅದಕ್ಕೆ ಓ ಅಂದ್ರಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಅನ್ನೋಕೆ ಬಾಯಿ ತೆಗೆದಿದ್ದೆ," ಎಂದರು. "ಅಷ್ಟೊತ್ತಿಗೆ ನೀನು ಬಯ್ಯೋಕೆ ಶುರು ಮಾಡಿದೆ."

ಎದ್ದು ಟೀವಿ ಹಾಕಿದೆ. ಯಾರೋ ಹಳೆಯ ಮನೆಗೆ ಬಣ್ಣ ಬಳಿಯುತ್ತಿದ್ದರು. ದನಿ ಸ್ವಲ್ಪ ಜೋರು ಮಾಡಿ, ಪಕ್ಕದಲ್ಲಿ ಕೂತು, ಅವರ ಬೆರಳನ್ನು ಇನ್ನೊಮ್ಮೆ ಚುಚ್ಚಿ ನೋಡಿದೆ.