ಖಾನಾಪುರದಲ್ಲಿ ಉಳಿದ ಚಿತ್ರ

ಕಳೆದ ತಿಂಗಳು ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹುಡುಗನ ಕಪ್ಪು ಟೀ ಶರ್ಟಿನ ಬೆನ್ನ ಮೇಲೆ ಒಬ್ಬ ಮುದುಕನಿದ್ದ. ಸೂರ್ಯನಂಥ ದುಂಡು ಬೆಳಕಿನಿಂದ ಕೆಳಗೆ ಬಾಗಿ, ಕೈವಾರ ಚಾಚಿ ಕತ್ತಲೆಯನ್ನು ಅಳೆಯುತ್ತಿದ್ದ. ಬಿಳಿ ಗಡ್ಡ ಗಾಳಿಗೆ ಒಂದೇ ಬದಿಗೆ ಹಾರುತ್ತಿತ್ತು. ಯಾರ ಚಿತ್ರವಪ್ಪಾ ಎಂದು ಕೇಳಿದೆ. "ಗೊತ್ತಿಲ್ರೀ ಆಂಟಿ. ಡಿಸೈನ್ ಚಲೋ ಕಾಣ್ತು, ತಗೊಂಡೆ" ಅಂದ. ನನಗೆ ಗೊತ್ತಿತ್ತು. ಶಿವಬಸವ ನಗರದಲ್ಲಿ ಇಂಗ್ಲಿಷ್ ಅಕ್ಕೋರ ಪಕ್ಕದ ಮನೆಯಲ್ಲಿ ಬೆಳೆದು, ಇಂದಿಗೂ ಅಲ್ಲೇ ಇರುವವಳಿಗೆ ಗೊತ್ತಿರಲೇಬೇಕು...

ಅಕ್ಕೋರು ಕಾಲೇಜಿನಲ್ಲಿ ನನಗೂ ಕಲಿಸಿದವರು. ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಯಾವಾಗಲೂ ಅದೇ ಒಬ್ಬ ಕವಿಯ ಪುಸ್ತಕ. ಇನ್ನೂರು ವರ್ಷದ ಹಿಂದಿನ ಆ ಇಂಗ್ಲಿಷ್ ಕವಿ ಚಿತ್ರಕಾರನೂ ಹೌದು. ಪದ್ಯವನ್ನೂ ಚಿತ್ರವನ್ನೂ ಒಂದೇ ತಾಮ್ರದ ತಗಡಿನ ಮೇಲೆ ಮೂಡಿಸಿ, ತಾನೇ ಅಚ್ಚು ಹಾಕಿ, ಹೆಂಡತಿಯ ಜೊತೆ ಕೂತು ಬಣ್ಣ ತುಂಬುತ್ತಿದ್ದನಂತೆ. ಬದುಕಿದ್ದಾಗ ಜನ ಅವನನ್ನು ತಲೆಕೆಟ್ಟವನೆಂದು ಬದಿಗಿಟ್ಟರು. ಈಗ ಗಿಟಾರಿನವರು ಅವನ ಸಾಲು ಹಾಡುತ್ತಾರೆ, ಸಿನಿಮಾದವರು ಗೋಡೆಗೆ ಅವನ ಚಿತ್ರ ತೂಗುಹಾಕುತ್ತಾರೆ, ಹುಡುಗರು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಟೀವಿಯಲ್ಲಿ ಅಂಥದ್ದೇನಾದರೂ ಕಂಡರೆ ಅಕ್ಕೋರು ಕಾಂಪೌಂಡಿನಾಚೆಯಿಂದ ಕೂಗುತ್ತಿದ್ದರು: "ಲಗೂ ಬಾರವಾ, ನಮ್ಮಾಂವ ಬಂದಾನ!" ತವರಿನವರು ಬಂದಷ್ಟು ಸಂಭ್ರಮ. ನಾನು ಹೋಗುವಷ್ಟರಲ್ಲಿ ಸಾಮಾನ್ಯವಾಗಿ ಸಾಬೂನಿನ ಜಾಹೀರಾತು ಬಂದಿರುತ್ತಿತ್ತು.

ಲೋಕವೆಲ್ಲ ಮೆಚ್ಚಿದವನನ್ನು ತಮ್ಮೂರಿನಲ್ಲಿ ಒಬ್ಬರಾದರೂ ಮೆಚ್ಚಲಿ, ಅಷ್ಟೇ ಅವರ ಆಸೆ. ನಾವೋ ಗೈಡು ಓದಿ ಪಾಸಾಗುವ ಪೈಕಿ. ಆ ಕವಿ ಬರೆದ ಕೈವಾರದ ಮುದುಕನ ಚಿತ್ರವನ್ನು ಅವರು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. ಅದು ಯಾರ ಕೈಯಲ್ಲೂ ನಿಲ್ಲದೆ ಮೇಜಿಗೆ ವಾಪಸಾಗುತ್ತಿತ್ತು. ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಗೆಳತಿ ತಂದುಕೊಟ್ಟ ದೊಡ್ಡ ಪ್ರತಿ ಅದು. ಮೂಲೆಗಳು ಮಡಚತೊಡಗಿದಾಗ ಅಕ್ಕೋರಿಗೆ ಕಳವಳವಾಯಿತು. ಅವರ ಪುಸ್ತಕದ ಕಪಾಟು ಮಾಡಿದ್ದ ಖಾನಾಪುರದ ಬಡಿಗನಿಗೆ ಸಾಗವಾನಿಯ ಚೌಕಟ್ಟು ಹಾಕಲು ಕೊಟ್ಟರು.

ದಸರೆ ಮುಗಿದ ಮೇಲೆ ಅದನ್ನು ತರಲು ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಕಟ್ಟಿಗೆ ಹೊಟ್ಟಿನ ವಾಸನೆ. ಚಿತ್ರ ಗೋಡೆಯ ಮೇಲಿತ್ತು. ಗಾಜಿನ ಮೇಲೆ ಅರಿಸಿನ ಕುಂಕುಮ, ಚೌಕಟ್ಟಿಗೆ ಬಾಡಿದ ಚೆಂಡುಹೂವಿನ ಮಾಲೆ.

"ಬರ್ರಿ ಬಾಯಿ, ಕುಂದರ್ರಿ" ಅಂದ ಬಡಿಗ. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ. "ಹಿಂಥಾ ವಿಶ್ವಕರ್ಮಾನ್ನ ನಾ ಎಂದೂ ನೋಡಿದ್ದಿಲ್ಲ. ಹಬ್ಬಕ್ಕ ಉಳಿ, ಬಾಚಿ, ಎಲ್ಲಾ ಹತ್ಯಾರದ ಬಾಜು ಇಟ್ಟು ಪೂಜಾ ಮಾಡೀನಿ. ಖರೇ ಹೇಳ್ತೀನಿ, ದಿನಾ ಕೆಲಸಾ ಸುರು ಮಾಡೂ ಮುಂದ ಒಂದ್ ಗಳಿಗಿ ಇದನ್ನ ನೋಡ್ಕೋತ ನಿಂದರ್ತೀನಿ."

ಅಕ್ಕೋರೊಳಗಿನ ಅಧ್ಯಾಪಕಿ ಸುಮ್ಮನಿರಲಿಲ್ಲ. "ಇಂವ ದೇವರಲ್ರೀ. ಜಗತ್ತನ್ನ ಅಳದು ಕಟ್ಟಿಹಾಕಾಂವ. ಚಿತ್ರಾ ತಗದ ಕವಿಗೇ ಇಂವನ್ನ ಕಂಡ್ರ ಆಗ್ತಿದ್ದಿಲ್ಲ."

ಬಡಿಗನ ಮುಖ ಸಪ್ಪಗಾಯಿತು. "ತಪ್ಪಾತೇನ್ರಿ ಬಾಯಿ?" ಎನ್ನುತ್ತ ಮಾಲೆ ತೆಗೆಯಲು ಕೈ ಎತ್ತಿದ.

ಅಕ್ಕೋರು ತಡೆದರು. ಸ್ವಲ್ಪ ಹೊತ್ತು ಅವನನ್ನೂ ಚಿತ್ರವನ್ನೂ ನೋಡಿದರು. "ಇರ್ಲಿ ಬಿಡ್ರಿ. ಆ ಕವೀನೂ ನಿಮ್ಹಂಗ ಕೆತ್ತಿ ಹೊಟ್ಟಿ ತುಂಬಿಸ್ಕೊಂಡಾಂವ. ಚಿತ್ರಾ ಇಲ್ಲೇ ಇರ್ಲಿ."

ಬರಿಗೈಯಲ್ಲಿ ಬಸ್ಸು ಹತ್ತಿದೆವು. ಇದ್ದದ್ದು ಅದೊಂದೇ, ಯಾಕೆ ಕೊಟ್ಟಿರಿ ಎಂದು ನಾನು ಸಿಟ್ಟಾದೆ. ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ವರ್ಷಾ ವರ್ಷಾ ಎಷ್ಟ್ ಮಂದಿಗೆ ತೋರಿಸೀನಿ. ನಿಂತು ನೋಡಿದಾಂವ ಅಂದ್ರ ಅಂವ ಒಬ್ಬನೇ." ಆ ಮಂದಿಯಲ್ಲಿ ನಾನೂ ಒಬ್ಬಳು. ನನಗೆ ಚುಚ್ಚಿತು. 

ಆ ಅಂಗಡಿಯ ಜಾಗದಲ್ಲಿ ಈಗ ಪ್ಲೈವುಡ್ ಮಳಿಗೆ ಇದೆ. ಚಿತ್ರ ಎಲ್ಲಿ ಹೋಯಿತೋ, ನಾನು ವಿಚಾರಿಸಿಲ್ಲ. ಅಕ್ಕೋರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಸಂಬಂಧಿಕರು ಯಾವುದೋ ವಾಚನಾಲಯಕ್ಕೆ ಕೊಟ್ಟರಂತೆ...

ಆಸ್ಪತ್ರೆಯಿಂದ ಬಂದವಳು ಚಹಾ ಇಟ್ಟು, ಮೊಬೈಲಿನಲ್ಲಿ ಆ ಚಿತ್ರವನ್ನು ಹುಡುಕಿ ತೆಗೆದೆ. ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಚಹಾ ಉಕ್ಕಿ ಹೋದದ್ದು ಗೊತ್ತಾಗಲಿಲ್ಲ. ಮುದುಕ ಕೈವಾರ ಹಿಡಿದದ್ದು ಎಡಗೈಯಲ್ಲಿ. ಲೋಕವನ್ನೇ ಅಳೆಯಹೊರಟವನಿಗೆ ಎಡಗೈ ಯಾಕೆ? ಅಕ್ಕೋರನ್ನು ಕೇಳಬೇಕು ಎಂದುಕೊಂಡು ಕಾಂಪೌಂಡಿನ ತನಕ ಹೋಗಿಯೇಬಿಟ್ಟಿದ್ದೆ.