ಜಪಾನ್ ಮೇಷ್ಟ್ರ ಕೈ

ಅವರ ಹೊಟ್ಟೆಯ ಕೆಳಗೆ, ಬಲ ಸೊಂಟದ ಮೂಳೆಗೆ ಒತ್ತಿಕೊಂಡಂತೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಜಡ್ಡು ಇತ್ತು. ನೊಗ ಉಜ್ಜಿ ಉಜ್ಜಿ ಎತ್ತಿನ ಹೆಗಲ ಮೇಲೆ ಆಗುತ್ತದಲ್ಲ, ಅಂಥದ್ದು. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಗೆ ಬಂದ ಮೊದಲ ದಿನವೇ ಅವರು ಶರ್ಟು ಮೇಲೆತ್ತಿ ಅದನ್ನು ತೋರಿಸಿದರು. ನಾವು ಎಂಟು ಜನ ಫಿಟ್ಟರ್‌ಗಳು ನಕ್ಕೆವು. ಅವರೂ ನಕ್ಕರು. ಆಮೇಲೆ ಸ್ಕ್ರೇಪರ್ ಎಂಬ ಉದ್ದನೆಯ ಉಳಿಯ ಹಿಡಿಯನ್ನು ಆ ಜಡ್ಡಿಗೆ ಆನಿಸಿ, ಸೊಂಟದಿಂದ ಒಮ್ಮೆ ನೂಕಿದರು. ಕಬ್ಬಿಣದ ಮೇಲಿಂದ ಈರುಳ್ಳಿ ಪೊರೆಗಿಂತ ತೆಳ್ಳನೆಯ ಚಕ್ಕೆ ಎದ್ದು ಗಾಳಿಗೆ ಹಾರಿತು. ನಮ್ಮ ನಗು ಅಲ್ಲಿಗೆ ನಿಂತಿತು.

ಅವರಿಗೆ ಹೆಸರಿತ್ತು. ಆದರೆ ಜಪಾನಿನಿಂದ ನಮಗೆ ಕೆಲಸ ಕಲಿಸಲು ಬಂದ ಅವರು ನಮ್ಮ ಬಾಯಿಗೆ ಜಪಾನ್ ಮೇಷ್ಟ್ರು. ನಾನು ಹೈಸ್ಕೂಲು ಮುಗಿಸಿ ಕೆಲಸಕ್ಕೆ ಸೇರಿದವನು. ಶಾಲೆಯಲ್ಲಿ ಕಂಡ ಮೇಷ್ಟ್ರುಗಳೆಲ್ಲ ಮರೆತುಹೋಗಿದ್ದಾರೆ. ನನಗೆ ನೆನಪಿರುವ ಮೇಷ್ಟ್ರು ಇವರೊಬ್ಬರೇ. ಇವರಿಗೇ ನಾನು ಮೋಸ ಮಾಡಿದೆ.

ಅವರು ಕಲಿಸಿದ ಕೆಲಸವನ್ನು ಸ್ವಲ್ಪ ಹೇಳಬೇಕು. ದೊಡ್ಡ ಯಂತ್ರಗಳ ಕಬ್ಬಿಣದ ತಳಪೀಠಕ್ಕೆ ಬೆಡ್ಡು ಅನ್ನುತ್ತಾರೆ. ಅದು ಎಷ್ಟು ಸಮತಟ್ಟಾಗಿರಬೇಕೆಂದರೆ, ಆ ಸಮತಟ್ಟನ್ನು ಇನ್ನೊಂದು ಯಂತ್ರದಿಂದ ತರಲು ಆಗುವುದಿಲ್ಲ, ಕೈಯಿಂದಲೇ ತರಬೇಕು. ಅದಕ್ಕೆ ಒಂದು ಮಾಸ್ಟರ್ ಪಟ್ಟಿ ಇರುತ್ತದೆ. ಮೂರಡಿ ಉದ್ದ, ಬೀಡುಕಬ್ಬಿಣದ್ದು, ಒಂದಿಷ್ಟೂ ಏರುತಗ್ಗಿಲ್ಲದ್ದು. ಅದಕ್ಕೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಉಜ್ಜಿದರೆ ಉಬ್ಬಿರುವ ಜಾಗಗಳಲ್ಲಿ ನೀಲಿ ಚುಕ್ಕೆ ಕೂರುತ್ತದೆ. ಆ ಚುಕ್ಕೆಗಳನ್ನು ಹೆರೆಯುವುದು, ಮತ್ತೆ ಉಜ್ಜುವುದು, ಮತ್ತೆ ಹೆರೆಯುವುದು. ಒಂದು ಬೆಡ್ಡಿಗೆ ಇಪ್ಪತ್ತು ದಿನ ಹಿಡಿದರೂ ಹಿಡಿಯಿತು. ಪಟ್ಟಿ ಸರಿ ಇದ್ದರೆ ಬೆಡ್ಡು ಸರಿ. ಪಟ್ಟಿ ಕೆಟ್ಟರೆ ಎಲ್ಲ ಕೆಟ್ಟಂತೆ.

ಮೇಷ್ಟ್ರ ಪಟ್ಟಿ ಅವರೇ ಹರೆಯದಲ್ಲಿ ಒಂದು ಇಡೀ ಚಳಿಗಾಲ ಕೂತು ಹೆರೆದದ್ದಂತೆ. ಮರದ ಪೆಟ್ಟಿಗೆಯಲ್ಲಿ, ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿ ಇಡುತ್ತಿದ್ದರು. ಬರಿಗೈಯಲ್ಲಿ ಹಿಡಿಯಲು ಬಿಡುತ್ತಿರಲಿಲ್ಲ. ಮೈಯ ಶಾಖಕ್ಕೆ ಕಬ್ಬಿಣ ಬಾಗುತ್ತದೆ ಎನ್ನುತ್ತಿದ್ದರು.

ನಮಗೆ ನಂಬಿಕೆ ಬಂದದ್ದು ಒಂದು ತಮಾಷೆಯಿಂದ. ಊಟದ ಹೊತ್ತಿನಲ್ಲಿ ನಮ್ಮವನೊಬ್ಬ ಮುಗಿದ ಬೆಡ್ಡಿನ ಮೇಲೆ ಹಣೆಬೊಟ್ಟಿನಷ್ಟು ಜಾಗವನ್ನು ಕದ್ದು ಹೆರೆದುಬಿಟ್ಟ. ಮೇಷ್ಟ್ರು ಬಂದರು. ದಿನವೂ ಮಾಡುವಂತೆ ತಣ್ಣೀರಲ್ಲಿ ಅಂಗೈ ತೊಳೆದು, ಒರೆಸಿ, ಕಣ್ಣು ಮುಚ್ಚಿ ಬೆಡ್ಡಿನ ಉದ್ದಕ್ಕೂ ಅಂಗೈ ಸವರಿದರು. ಒಂದು ಕಡೆ ಕೈ ನಿಂತಿತು. ಹಿಂದೆ ಬಂತು. ಮತ್ತೆ ಅಲ್ಲೇ ನಿಂತಿತು. ಕಣ್ಣು ತೆರೆಯದೆ, ತಾವು ಕಲಿತ ನಾಲ್ಕೈದು ಕನ್ನಡ ಮಾತುಗಳಲ್ಲಿ ಒಂದನ್ನು ಹೇಳಿದರು: ‘ಸ್ವಲ್ಪ.’ ಹೆರೆದವನು ಕೈಮುಗಿದುಬಿಟ್ಟ. ಅಷ್ಟು ಸಣ್ಣ ತಗ್ಗನ್ನು ಅಳೆಯಲು ನಮ್ಮಲ್ಲಿ ಆಗ ಉಪಕರಣವೇ ಇರಲಿಲ್ಲ. ದೇವಸ್ಥಾನದಲ್ಲೂ ನನ್ನ ಮೈ ಹಾಗೆ ಜುಮ್ಮೆಂದಿದ್ದಿಲ್ಲ.

ಟೀ ಸಮಯದಲ್ಲಿ ಅವರು ಇನ್‌ಸ್ಪೆಕ್ಷನ್ ಕಾರ್ಡಿನ ಹಿಂಬದಿಗೆ ತಮ್ಮ ಊರಿನ ಚಿತ್ರ ಬರೆಯುತ್ತಿದ್ದರು. ಸಮುದ್ರದ ಅಂಚಿನಲ್ಲಿ ಎತ್ತರದ ಕಲ್ಲಿನ ದೀಪಗೂಡು, ಅದರ ಬುಡದಿಂದ ನೀರಿಗಿಳಿಯುವ ಕಲ್ಲುಮೆಟ್ಟಿಲು, ಹಿಂದೆ ಗುಡ್ಡಕ್ಕೆ ಅಂಟಿಕೊಂಡ ಮನೆಗಳು. ತೊಮೊ ಎಂಬ ಹಳೇ ಬಂದರು ಅದು. ಅವರ ಮನೆತನದವರು ತಲೆಮಾರುಗಳಿಂದ ಹಡಗಿನ ಲಂಗರು ಬಡಿಯುವ ಕಮ್ಮಾರರು. ಪೂರ್ವದ ಕಡಲಿಂದಲೂ ಪಶ್ಚಿಮದ ಕಡಲಿಂದಲೂ ಉಬ್ಬರ ಬಂದು ಕೂಡುವುದು ಆ ಊರಿನ ಮುಂದೆಯೇ ಎಂದು ಅವರು ಕೈಯಾಡಿಸಿ ವಿವರಿಸಿದ್ದರು. ಹಿಂದಿನ ಕಾಲದ ಹಾಯಿಹಡಗುಗಳು ಏರುವ ನೀರಿನೊಂದಿಗೆ ಅಲ್ಲಿಗೆ ಬಂದು, ನೀರು ತಿರುಗುವವರೆಗೆ ಕಾದು, ಇಳಿಯುವ ನೀರಿನೊಂದಿಗೆ ಮುಂದಕ್ಕೆ ಹೋಗುತ್ತಿದ್ದವಂತೆ. ನಾವು ಆತುರದಲ್ಲಿ ಹೆರೆಯಲು ಹೋದಾಗ ಅವರು ಆ ಕಾರ್ಡು ತೋರಿಸಿ, ಕಬ್ಬಿಣ ತಣ್ಣಗಾಗುವವರೆಗೆ ಕಾಯಿರಿ ಎಂದು ಸನ್ನೆ ಮಾಡುತ್ತಿದ್ದರು. ಬಯಲುಸೀಮೆಯಲ್ಲಿ ಹುಟ್ಟಿ ಲಗ್ಗೆರೆಯಲ್ಲಿ ಬಾಡಿಗೆಗಿದ್ದ ನಾನು ಆಗಿನ್ನೂ ಸಮುದ್ರವನ್ನೇ ನೋಡಿರಲಿಲ್ಲ.

ಎಂಟು ಜನರಲ್ಲಿ ನನ್ನನ್ನು ಅವರು ಹೆಚ್ಚು ಹಚ್ಚಿಕೊಂಡರು. ಆ ವರ್ಷದ ಆಯುಧಪೂಜೆಗೆ ಮ್ಯಾನೇಜರು ಅವರನ್ನು ಮೈಸೂರು ತೋರಿಸಲು ಕರೆದುಕೊಂಡು ಹೋದರು. ಹೊರಡುವಾಗ ಪೆಟ್ಟಿಗೆಯ ಬೀಗದ ಕೈಯನ್ನು ಮೇಷ್ಟ್ರು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ರಜೆ ಮುಗಿದ ಮೇಲೆ ಪಟ್ಟಿಯನ್ನು ಗ್ರಾನೈಟಿನ ಅಳತೆಗಲ್ಲಿನ ಮೇಲಿಟ್ಟು ಪರೀಕ್ಷೆ ಮಾಡದೆ ಕೆಲಸಕ್ಕೆ ಎತ್ತಿಕೊಳ್ಳಬಾರದು, ಇದು ಅವರ ನಿಯಮ. ಆ ಪರೀಕ್ಷೆಯನ್ನೂ ನನಗೇ ವಹಿಸಿದರು.

ಪೂಜೆಯ ದಿನ ಲೇತುಗಳಿಗೆ ಬಾಳೆಕಂದು ಕಟ್ಟಿದೆವು. ಸ್ಪ್ಯಾನರು, ಸುತ್ತಿಗೆಗಳಿಗೂ ಕುಂಕುಮ ಹಚ್ಚಿದೆವು. ಗೇಟಿನಲ್ಲಿ ಬೂದುಗುಂಬಳ ಒಡೆದರು. ಆಗ ನನಗೆ ಅನ್ನಿಸಿತು: ಮುರುಕು ಸ್ಕ್ರೂಡ್ರೈವರಿಗೂ ಪೂಜೆ ಆಗುತ್ತಿರುವಾಗ ಇಡೀ ಶಾಪಿನ ನಿಜವಾದ ಆಯುಧ ಕತ್ತಲೆಯ ಪೆಟ್ಟಿಗೆಯೊಳಗೆ ಇರುವುದು ಸರಿಯೇ? ಬೀಗ ತೆಗೆದೆ. ಪಟ್ಟಿಯ ಎಣ್ಣೆ ಒರೆಸಿ, ಅರಿಶಿನ ಬಳಿದೆ. ನಿಂಬೆಹಣ್ಣು ಕೊಯ್ದು, ಕುಂಕುಮ ಒತ್ತಿ, ಎರಡು ತುದಿಗೆ ಒಂದೊಂದು ಹೋಳು ಬೋರಲಾಗಿ ಇಟ್ಟೆ. ಕರ್ಪೂರ ಬೆಳಗಿದೆ. ನನ್ನ ಭಕ್ತಿಯಲ್ಲಿ ಅಂದು ಕಪಟವಿರಲಿಲ್ಲ. ಪೂಜೆ ಇಳಿಸುವವರೆಗೆ ಆಯುಧ ಮುಟ್ಟಬಾರದು ಅನ್ನುತ್ತಾರಲ್ಲ, ಹಾಗೇ ಬಿಟ್ಟು ಮನೆಗೆ ಹೋದೆ. ವಿಜಯದಶಮಿ, ಭಾನುವಾರ ಎರಡೂ ಕಳೆದವು.

ಸೋಮವಾರ ಬಂದು ಹೋಳು ಎತ್ತಿದರೆ ಅದರಡಿ ಕಂದು ಬಣ್ಣದ ಉಂಗುರ. ನಿಂಬೆಯ ಹುಳಿ ಕಬ್ಬಿಣವನ್ನು ತಿಂದಿತ್ತು. ಎರಡೂ ತುದಿಯಲ್ಲಿ. ಎಣ್ಣೆಕಲ್ಲು ತಂದು ಉಜ್ಜಿದೆ, ಹೋಗಲಿಲ್ಲ. ಸ್ಕ್ರೇಪರ್ ಹಿಡಿದು ಕಲೆ ಹೋಗುವಷ್ಟು ಹೆರೆದೆ. ಪಟ್ಟಿ ಮೊದಲಿನಂತೆ ಹೊಳೆಯಿತು. ಅಳತೆಗಲ್ಲಿನ ಮೇಲಿಡಲು ಮಾತ್ರ ಧೈರ್ಯ ಬರಲಿಲ್ಲ. ಎಣ್ಣೆ ಸವರಿ, ಬಟ್ಟೆ ಸುತ್ತಿ, ಪೆಟ್ಟಿಗೆಯೊಳಗೆ ಇಟ್ಟುಬಿಟ್ಟೆ. ಮೇಷ್ಟ್ರು ಬಂದವರೇ ಬೀಗದ ಕೈ ಇಸಿದುಕೊಂಡು ಕೇಳಿದರು.

‘ಚೆಕ್ ಮಾಡಿದೆ?’

‘ಚೆಕ್ ಮಾಡಿದೀನಿ ಸಾರ್.’

ತಲೆಯಾಡಿಸಿ ನಕ್ಕರು. ಇಪ್ಪತ್ತೆರಡು ದಿನ ಆ ಪಟ್ಟಿಯನ್ನು ನಂಬಿ ಬೆಡ್ಡು ಹೆರೆದರು. ನಾನು ಪಕ್ಕದಲ್ಲೇ ನಿಂತು ನೀಲಿ ಸವರಿಕೊಟ್ಟೆ.

ಕೊಳ್ಳುವವರ ಕಡೆಯ ತಪಾಸಣೆಯವರು ತಮ್ಮದೇ ಉಪಕರಣ ತಂದು ಇಟ್ಟರು. ಬೆಡ್ಡಿನ ನಡು ತಗ್ಗಾಗಿತ್ತು. ಪಟ್ಟಿಯ ತುದಿಗಳು ಸವೆದರೆ ಆಗುವುದೇ ಅದು. ಚುಕ್ಕೆಯಷ್ಟು ತಗ್ಗು ಅಂಗೈಗೆ ಸಿಗುತ್ತದೆ, ಉದ್ದಕ್ಕೂ ನಿಧಾನವಾಗಿ ಇಳಿಯುವ ತಗ್ಗು ಯಾವ ಅಂಗೈಗೂ ಸಿಗದು. ಮೇಷ್ಟ್ರು ಪಟ್ಟಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಅವರು ತಮ್ಮ ಅಂಗೈ ನೋಡಿಕೊಂಡು, ಮ್ಯಾನೇಜರಿಗೆ ಬಾಗಿ, ‘ನನ್ನ ಕೈ’ ಎಂದರು. ನನ್ನನ್ನು ಅನುಮಾನಿಸುವುದಕ್ಕಿಂತ ತಮ್ಮ ಕೈಯನ್ನು ಅನುಮಾನಿಸುವುದು ಅವರಿಗೆ ಸುಲಭವಾಯಿತು.

ಮೇಷ್ಟ್ರಿಗೆ ಜಪಾನಿಗೆ ಹಿಂದಿರುಗಲು ಆಜ್ಞೆ ಬಂತು. ಶಾಪಿನಲ್ಲಿ ಮಾತು ತಿರುಗಿತು. ‘ಮುದುಕ್ರಿಗೆ ಕೈ ನಡುಗ್ತದೆ ಕಣೋ, ಸುಮ್ನೆ ಬಿಲ್ಡಪ್ಪು’ ಎಂದು ಕೈಮುಗಿದಿದ್ದವನೇ ಅಂದ. ನಾನು ಸುಮ್ಮನಿದ್ದೆ. ಇನ್ನೂ ಒಂದು ಕೆಲಸ ಮಾಡಿದೆ. ಅವರು ಆಫೀಸಿನ ಮೀಟಿಂಗುಗಳಲ್ಲಿ ಇರುತ್ತಿದ್ದ ಆ ಕೊನೆಯ ವಾರದಲ್ಲಿ, ಸಾಮಾನು ಪ್ಯಾಕ್ ಮಾಡುವ ನೆಪದಿಂದ ಬೀಗದ ಕೈ ಪಡೆದು ಪೆಟ್ಟಿಗೆ ತೆರೆದು, ನಾಲ್ಕು ದಿನ ಊಟ ಬಿಟ್ಟು, ಪಟ್ಟಿಯನ್ನು ಅಳತೆಗಲ್ಲಿನ ಮೇಲೆ ಉಜ್ಜಿ ಉಜ್ಜಿ ಹೆರೆದು ನೇರ ಮಾಡಿದೆ. ಅವರೇ ಕಲಿಸಿದ ವಿದ್ಯೆಯಿಂದ ನನ್ನ ತಪ್ಪಿನ ಗುರುತನ್ನೆಲ್ಲ ಅಳಿಸಿದೆ. ಪ್ರಾಯಶ್ಚಿತ್ತ ಮಾಡಿಕೊಂಡೆ ಎಂದು ಒಳಗೊಳಗೇ ಸಮಾಧಾನಪಟ್ಟೆ ಕೂಡ.

ಹೊರಡುವಾಗ ಊರಿನ ಚಿತ್ರವಿದ್ದ ಒಂದು ಕಾರ್ಡಿನ ಮೇಲೆ ವಿಳಾಸ ಬರೆದು ಕೊಟ್ಟರು. ಎರಡು ವರ್ಷ ಹೊಸವರ್ಷದ ಶುಭಾಶಯ ಬಂತು. ನಾನು ಉತ್ತರ ಬರೆಯಲಿಲ್ಲ. ಅವರ ಜಾಗದಲ್ಲಿ ನನ್ನನ್ನು ಸೆಕ್ಷನ್ನಿನ ಮುಖ್ಯಸ್ಥನನ್ನಾಗಿ ಮಾಡಿದರು. ನಿವೃತ್ತಿಯ ದಿನ ಶಾಲು ಹೊದಿಸಿ, ಜಪಾನಿನವರನ್ನೂ ಮೀರಿಸಿದ ಕೈ ಎಂದು ಹೊಗಳಿದರು. ಕೇಳಿಸಿಕೊಂಡು ಕೂತೆ.

ಮೇಷ್ಟ್ರು ಹೊರಟುಹೋದ ಮೂವತ್ತು ವರ್ಷದ ಮೇಲೆ ಅವರ ಊರು ನನ್ನ ಮನೆಗೇ ಬಂತು. ನನ್ನ ಮೊಮ್ಮಗಳು ಒಂದು ಕಾರ್ಟೂನ್ ಸಿನಿಮಾದ ಹುಚ್ಚಿನಿಂದಲೇ ಜಪಾನೀ ಭಾಷೆ ಕಲಿತವಳು. ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ದುಭಾಷಿ. ಆ ಸಿನಿಮಾ ಸಮುದ್ರದ ಕಥೆಯಂತೆ. ಅದನ್ನು ಮಾಡಿದವರು ಒಂದು ಹಳೇ ಬಂದರಿನಲ್ಲಿ ಉಳಿದು, ಆ ಊರನ್ನು ನೋಡಿ ನೋಡಿ ಕಥೆ ಕಟ್ಟಿದರಂತೆ. ಆಫೀಸಿನ ಕೆಲಸಕ್ಕೆ ಜಪಾನಿಗೆ ಹೋಗುವವಳು, ರಜೆಯಲ್ಲಿ ಅಲ್ಲಿಗೂ ಹೋಗುತ್ತೇನೆಂದು ಫೋನಿನಲ್ಲಿ ಫೋಟೋ ತೋರಿಸಿದಳು. ಕಲ್ಲಿನ ದೀಪಗೂಡು, ನೀರಿಗಿಳಿಯುವ ಮೆಟ್ಟಿಲು.

‘ಇದು ನಮ್ಮ ಮೇಷ್ಟ್ರ ಊರು’ ಎಂದೆ.

‘ತಾತ, ನೀನು ಮಡಿವಾಳ ದಾಟಿ ಹೋಗಲ್ಲ, ಇದ್ಯಾವಾಗ ನೋಡ್ಕೊಂಡ್ ಬಂದ್ಬಿಟ್ಟೆ?’ ಎಂದು ನಕ್ಕಳು. ನಾನು ಕಾರ್ಡು ತಂದು ತೋರಿಸಿದೆ. ನನ್ನನ್ನೂ ಕರೆದುಕೊಂಡು ಹೋಗು ಎಂದೆ. ಕಾರಣ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಹೋದೆವು. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟವನು ನಿಂತುಬಿಟ್ಟೆ. ಮೇಷ್ಟ್ರು ಒಂದು ಗೆರೆಯನ್ನೂ ತಪ್ಪು ಹಾಕಿರಲಿಲ್ಲ. ಕಪ್ಪು ಮರದ ಮನೆಗಳು, ಎರಡು ಸೈಕಲ್ಲು ಹಾಯದ ಓಣಿಗಳು, ಒಣಗಲು ತೂಗುಹಾಕಿದ ಮೀನು, ಮೂಲಿಕೆ ಹಾಕಿ ಮಾಡುವ ಮದ್ಯದ ಸಿಹಿ ಘಮ. ಮೊಮ್ಮಗಳು ಸಿನಿಮಾದಲ್ಲಿ ಕಂಡದ್ದನ್ನೆಲ್ಲ ಹುಡುಕಿ ಹುಡುಕಿ ಫೋಟೋ ತೆಗೆಯುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತೆ. ಮೂರು ಮೆಟ್ಟಿಲು ಮಾತ್ರ ನೀರಿನ ಮೇಲಿದ್ದವು. ಕೂತಂತೆಯೇ ನಾಲ್ಕಾದವು, ಆರಾದವು, ಮಧ್ಯಾಹ್ನದ ಹೊತ್ತಿಗೆ ಹನ್ನೊಂದು. ಸದ್ದಿಲ್ಲ, ಅಲೆಯಿಲ್ಲ. ಅಷ್ಟು ದೊಡ್ಡ ನೀರು ಒಟ್ಟಿಗೆ ಎದ್ದು ಹೊರಟುಹೋಗುತ್ತಿತ್ತು. ಕಾರ್ಡಿನ ಮೇಲೆ ಅವರ ಕೈ ಮತ್ತೆ ಮತ್ತೆ ಹೇಳುತ್ತಿದ್ದದ್ದು ಇದನ್ನು. ನನಗೆ ಎದ್ದು ನಿಲ್ಲಬೇಕೆನ್ನಿಸಿತು, ನಿಂತೆ. ಚಪ್ಪಲಿ ಬಿಟ್ಟು ನಿಂತೆ.

ವಿಳಾಸದ ಮನೆ ಗುಡ್ಡದ ಕೆಳಗಿತ್ತು, ಪಕ್ಕದಲ್ಲಿ ಆರಿದ ಕುಲುಮೆ. ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ತೊಂಬತ್ತರ ಹತ್ತಿರದ ಅಜ್ಜಿ, ಬೆನ್ನು ಪೂರಾ ಬಾಗಿದೆ. ಇಂಡಿಯಾದ ಶಿಷ್ಯ ಎಂದು ಮೊಮ್ಮಗಳು ಹೇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಮೇಷ್ಟ್ರು ತೀರಿಕೊಂಡು ಹದಿನಾರು ವರ್ಷವಾಗಿತ್ತು. ಒಳಕೋಣೆಯ ಪುಟ್ಟ ದೇವರಗೂಡಿನಲ್ಲಿ ಅವರ ಫೋಟೋ. ಅದರ ಮುಂದೆ, ಚಾಪೆಯ ಮೇಲೆ, ಆ ಮರದ ಪೆಟ್ಟಿಗೆ.

ಅಜ್ಜಿ ತಾವಾಗಿಯೇ ಹೇಳತೊಡಗಿದರು. ಇಂಡಿಯಾದಿಂದ ಬಂದ ದಿನ ಗಂಡ ಸ್ನಾನವನ್ನೂ ಮಾಡದೆ, ಊಟವನ್ನೂ ಮಾಡದೆ ಪೆಟ್ಟಿಗೆ ಬಿಚ್ಚಿ, ಮನೆಯ ಅಳತೆಗಲ್ಲಿನ ಮೇಲೆ ಪಟ್ಟಿ ಇಟ್ಟರಂತೆ. ತಪ್ಪು ಪಟ್ಟಿಯದೇ ಇರಬಹುದು ಎಂಬ ಒಂದೇ ಆಸೆ ಅವರಿಗೆ ಉಳಿದಿತ್ತಂತೆ. ಪಟ್ಟಿ ನೆಟ್ಟಗೆ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಸಾಯುವವರೆಗೆ ಸ್ಕ್ರೇಪರ್ ಮುಟ್ಟಲಿಲ್ಲ. ಮೀನುಗಾರರ ದೋಣಿಗಳಿಗೆ ಮೊಳೆ ಹೊಡೆದುಕೊಂಡು ಇದ್ದರು. ನನ್ನ ಕೈಯೇ ನನಗೆ ಸುಳ್ಳು ಹೇಳಿತು ಎನ್ನುತ್ತಿದ್ದರಂತೆ.

ಮೊಮ್ಮಗಳು ಇದನ್ನು ಸಹಜವಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದಳು. ನಾನು ಚಾಪೆಯ ಮೇಲೆ ಹಣೆ ಇಟ್ಟೆ. ಆಮೇಲೆ ಎಲ್ಲ ಹೇಳಿದೆ. ನಿಂಬೆಹಣ್ಣಿನಿಂದ ಹಿಡಿದು ಕದ್ದು ನೇರ ಮಾಡಿದ್ದರವರೆಗೆ. ಅವಳು ಅರ್ಧ ಅನುವಾದಿಸಿ ನಿಂತಳು. ಮುಖ ಕೆಂಪಾಗಿತ್ತು.

‘ತಾತ, ಇದನ್ನ ಹೇಳ್ಲೇಬೇಕಾ? ಎಷ್ಟ್ ಪ್ರೀತಿಯಿಂದ ಕೂರಿಸ್ಕೊಂಡಿದಾರೆ.’

‘ಹೇಳಮ್ಮ. ಒಂದಕ್ಷರ ಬಿಡಬೇಡ.’

ಹೇಳಿದಳು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಚೆ ಯಾರೋ ಬಲೆ ಒಣಗಿಸುತ್ತಿದ್ದರು. ಕೊನೆಗೆ ಒಂದೇ ಮಾತು ಕೇಳಿದರು: ಹಾಗಾದರೆ ಅವರ ಕೈ ತಪ್ಪಿರಲಿಲ್ಲವೇ? ಇಲ್ಲ ಎಂದೆ. ಅವರು ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಗೂಡಿನ ಮುಂದೆ ಜರುಗಿ ಕೂತು, ಊದುಬತ್ತಿ ಹಚ್ಚಿ, ಪಕ್ಕದ ಜಾಗ ತೋರಿಸಿದರು.

‘ಅವ್ರಿಗೆ ನೀನೇ ಹೇಳ್ಬೇಕಂತೆ’ ಎಂದಳು ಮೊಮ್ಮಗಳು. ‘ಯಾವ ಭಾಷೇಲಿ ಸುಳ್ಳು ಹೇಳಿದ್ರೋ ಅದರಲ್ಲೇ ಹೇಳಿ ಅಂತಿದಾರೆ.’

ಅಜ್ಜಿಯ ಪಕ್ಕದಲ್ಲಿ ಕೂತು ಮೇಷ್ಟ್ರ ಫೋಟೋಗೆ ಕೈಮುಗಿದೆ.

‘ಚೆಕ್ ಮಾಡಿರ್ಲಿಲ್ಲ ಸಾರ್. ನಿಮ್ ಕೈ ಸರಿಯಾಗೇ ಇತ್ತು.’

ಆ ಶಾಪಿನ ಎಂಟು ಜನರಲ್ಲಿ ನಾನಲ್ಲದೆ ಇನ್ನೂ ಮೂವರು ಬದುಕಿದ್ದಾರೆ. ಜಪಾನ್ ಮೇಷ್ಟ್ರ ಮಾತು ಬಂದರೆ ಇವತ್ತಿಗೂ ಅವರು ನಡುಗುವ ಕೈಯನ್ನು ಅಣಕಿಸಿ ತೋರಿಸುತ್ತಾರೆ. ಊರಿಗೆ ಮರಳಿದ ಮೇಲೆ ಒಬ್ಬನ ಮನೆಗೆ ಹೋಗಿ ಬಂದೆ. ಅವನು ನಂಬಲಿಲ್ಲ, ವಯಸ್ಸಾಗಿದೆ, ಏನೇನೋ ತಲೆಗೆ ಹಚ್ಚಿಕೊಂಡಿದ್ದೀಯ ಎಂದು ಬೆನ್ನು ತಟ್ಟಿದ. ಅದಕ್ಕೇ ಬರವಣಿಗೆ ಗೊತ್ತಿಲ್ಲದ ನಾನು ಇದನ್ನು ಬರೆದಿಡುತ್ತಿದ್ದೇನೆ. ಆ ಬೆಡ್ಡಿನ ನಡು ತಗ್ಗಾದದ್ದು ಮೇಷ್ಟ್ರ ಕೈಯಿಂದಲ್ಲ, ನನ್ನಿಂದ.