ನನ್ನ ಚೀಲ ಬೇರೆ ತೂಗಿ

ಕಂಪ್ಯೂಟರಿನಲ್ಲಿ ಕನ್ನಡ ಮೆನು ಯಾರಿಗೆ ಬೇಕು ಎಂದು ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾಗೆ ಕೇಳುವವರಿಗೆಲ್ಲ ಇಂಗ್ಲಿಷ್ ಬರುತ್ತದೆ. ಬಾರದವರು ಏನನ್ನೂ ಕೇಳುವುದಿಲ್ಲ, ಸುಮ್ಮನೆ ಕೂರುತ್ತಾರೆ. ಹಾಗೆ ಕೂತವರನ್ನು ನಾನು ದಿನಾ ನೋಡಿದವಳು.

ಸುಂಟಿಕೊಪ್ಪದಲ್ಲಿ ಒಂದು ಬೇಕರಿಯ ಮಹಡಿ ಮೇಲೆ ನನ್ನ ಟೈಪಿಂಗ್ ಕ್ಲಾಸು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಅದೇ ಬೆಂಚುಗಳ ಮೇಲೆ ಹಳೆಯ ಕಂಪ್ಯೂಟರುಗಳು ಬಂದು ಕೂತವು. ಕಲಿಯಲು ಬರುವವರು ಹೆಚ್ಚಾಗಿ ಹೆಂಗಸರು. ಕಾಫಿ ಎಸ್ಟೇಟಿನ ಕೂಲಿಯವರ ಲೈನು ಮನೆಗಳವರು, ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಕುಶಾಲನಗರದ ಕಡೆಯಿಂದ ಬಸ್ಸಿನಲ್ಲಿ ಬರುವ ರೈತರ ಮನೆಯ ಸೊಸೆಯರು. ಮನೆಯಲ್ಲಿ ಒಬ್ಬಳದು ತಮಿಳು, ಒಬ್ಬಳದು ಮಲಯಾಳ, ಇನ್ನೊಬ್ಬಳದು ಅರೆಭಾಷೆ. ಓದಿದ್ದು ಮಾತ್ರ ಎಲ್ಲರೂ ಕನ್ನಡ ಶಾಲೆಯಲ್ಲೇ. ಅದಕ್ಕೇ ನಾನು ಎಲ್ಲ ಕಂಪ್ಯೂಟರಿಗೂ ಆ ಉಚಿತ ಆಫೀಸ್ ಸಾಫ್ಟ್‌ವೇರನ್ನೇ ಹಾಕಿದ್ದೆ. ಅರ್ಜಿ ಟೈಪ್ ಮಾಡಲು, ಲೆಕ್ಕ ಕೂಡಲು, ಚಿತ್ರ ತೋರಿಸಲು ಬೇಕಾದ್ದೆಲ್ಲ ಅದರಲ್ಲಿದೆ, ಮೆನು ಕನ್ನಡದಲ್ಲಿ ಬರುತ್ತದೆ. ಬಿಟ್ಟಿ ಸಿಗುವುದೆಲ್ಲ ಕಳಪೆ ಎಂದು ಮೂಗು ಮುರಿಯಬೇಡಿ. ಯಾವುದೋ ಕಂಪನಿ ಬರೆದು ಎಲ್ಲರ ಕೈಗೂ ಬಿಟ್ಟುಕೊಟ್ಟಿದ್ದನ್ನು ಎಲ್ಲೆಲ್ಲೋ ಕೂತ ಜನ ತಿದ್ದಿ, ಸೇರಿಸಿ, ತಮ್ಮತಮ್ಮಲ್ಲೇ ಜಗಳವಾಡಿ ಬೇರೆಯಾಗಿ, ಮತ್ತೆ ಕಟ್ಟಿ ಇಲ್ಲಿಯವರೆಗೆ ತಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಸಂಬಳಕ್ಕಾಗಿ ಮಾಡಿದವರಲ್ಲ.

ಒಂದು ಸಲ ಅದರ ಹೊಸ ಆವೃತ್ತಿ ಹಾಕಿದೆ. ತೆರೆದು ನೋಡಿದರೆ ಅರ್ಧ ಮೆನು ಇಂಗ್ಲಿಷಿಗೆ ತಿರುಗಿತ್ತು. ಹೊಸದಾಗಿ ಸೇರಿದ ಯಾವುದಕ್ಕೂ ಕನ್ನಡ ಮಾಡುವವರು ಇರಲಿಲ್ಲ. ಲೈನು ಮನೆಯಿಂದ ಬರುತ್ತಿದ್ದ ಒಬ್ಬಳು, ನಲವತ್ತು ದಾಟಿದವಳು, ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ತಾನೇ ಏನೋ ಒತ್ತಿ ಕೆಡಿಸಿಬಿಟ್ಟೆ ಎಂದು ಹೆದರಿದ್ದಳು. ಅವಳ ತಪ್ಪೇನೂ ಇಲ್ಲವೆಂದು ಎಷ್ಟು ಹೇಳಿದರೂ ಆವತ್ತು ಆ ಕೈ ಮೇಲೆ ಬರಲಿಲ್ಲ.

ಕಂಪ್ಯೂಟರ್ ರಿಪೇರಿಗೆ ಬರುವವನು ನಕ್ಕುಬಿಟ್ಟ. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಸಾಫ್ಟ್‌ವೇರನ್ನು ತಾನು ಪುಕ್ಕಟೆಯಾಗಿ, ಅಂದರೆ ಕದ್ದು, ಹಾಕಿಕೊಡುತ್ತೇನೆ, ಇವರೆಲ್ಲ ಇಂಗ್ಲಿಷಿನಲ್ಲೇ ಕಲಿಯಲಿ ಎಂದ. ಇವರಿಗೆ ಏನು ಬೇಕೆಂದು ಇವನು ಹೇಳುತ್ತಾನೆ! ಕದ್ದದ್ದು ನನ್ನ ಬೆಂಚಿನ ಮೇಲೆ ಬೇಡ, ಕನ್ನಡ ನಾವೇ ಮಾಡಿಕೊಳ್ಳುತ್ತೇವೆ ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ಹೇಳಿದ ಮೇಲೆ ಮಾಡದೆ ಗತಿಯಿರಲಿಲ್ಲ.

ಹುಡುಕಿದಾಗ ಕನ್ನಡದ ಅನುವಾದ ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು ಸಿಕ್ಕಿದರು. ಮುಂದಿನ ಆವೃತ್ತಿಗೆ ತಾರೀಕು ನಿಗದಿಯಾಗಿದೆ, ಅಷ್ಟರಲ್ಲಿ ಆದದ್ದು ಕನ್ನಡದಲ್ಲಿ ಬರುತ್ತದೆ, ಆಗದ್ದು ಇಂಗ್ಲಿಷಿನಲ್ಲೇ ಹೋಗುತ್ತದೆ ಎಂದರು. ಅನುವಾದವೆಲ್ಲ ಒಂದು ವೆಬ್‌ಸೈಟಿನಲ್ಲಿ. ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡ ತುಂಬಬೇಕು, ಅವರು ನೋಡಿ ಒಪ್ಪಬೇಕು.

ಆಗ ಕಾಫಿ ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಬಿಡುವು. ನನ್ನ ಹೆಸರಿನಲ್ಲಿ ಒಂದು ಖಾತೆ ತೆರೆದೆ, ಅದನ್ನೇ ಎಲ್ಲ ಕಂಪ್ಯೂಟರಿನಲ್ಲೂ ಹಾಕಿದೆ. ಇಂಗ್ಲಿಷ್ ಸಾಲಿನ ಅರ್ಥ ನಾನು ಹೇಳುವುದು, ಅವರು ಮಾತು ಹುಡುಕುವುದು. ಕೊಯ್ಲಿನ ಪದ್ಧತಿಯೇ. ಒಬ್ಬೊಬ್ಬಳಿಗೆ ಒಂದೊಂದು ಸಾಲು, ಮೊದಲ ಸುತ್ತಿಗೆ ಹಣ್ಣು ಮಾತ್ರ, ಕಾಯಿ ಬಿಟ್ಟು ಮುಂದೆ ನಡೆ, ಮತ್ತೆ ಬರೋಣ. ಸುಲಭದ್ದನ್ನೆಲ್ಲ ಹಾಗೆ ಬಿಡಿಸಿ ಹಾಕಿದೆವು. ಎಲ್ಲರ ಕೆಲಸವೂ ಒಂದೇ ಖಾತೆಗೆ ಹೋಗುತ್ತಿತ್ತು. ಎಸ್ಟೇಟಿನಲ್ಲಿ ಮನೆಮಂದಿ ಕೊಯ್ದದ್ದೆಲ್ಲ ಒಂದೇ ಚೀಲಕ್ಕೆ ಬಿದ್ದು ಒಂದೇ ಹೆಸರಿನಲ್ಲಿ ತೂಕವಾಗುತ್ತದಲ್ಲ, ಹಾಗೆ. ಅದರಲ್ಲಿ ತಪ್ಪಿದೆಯೆಂದು ನನಗಾಗಲಿ ಅವರಿಗಾಗಲಿ ಹೊಳೆಯಲೇ ಇಲ್ಲ.

ತಾರೀಕು ಹತ್ತಿರ ಬಂದಾಗ ಆ ಸ್ವಯಂಸೇವಕರಿಂದ ಮೇಲ್ ಬಂತು. ಒಬ್ಬರಿಂದ ಇಷ್ಟು ಬೇಗ ಇಷ್ಟೊಂದು ಆಗುವುದಿಲ್ಲ, ಸಾಲಿಗೊಂದು ಶೈಲಿ ಇದೆ, ಕಷ್ಟದ್ದನ್ನೆಲ್ಲ ಬಿಟ್ಟಿದ್ದೀರಿ, ಇದು ಯಂತ್ರದಿಂದ ಮಾಡಿಸಿದ್ದು, ಒಪ್ಪಲಾಗುವುದಿಲ್ಲ ಎಂದು ಬರೆದಿದ್ದರು. ಯಂತ್ರವಂತೆ! ಒಂದು ಮಾತಿಗಾಗಿ ಮಧ್ಯಾಹ್ನವಿಡೀ ಕಿತ್ತಾಡಿದವರು ನಾವು. ಅದನ್ನು ಎಲ್ಲರಿಗೂ ಓದಿ ಹೇಳಿದೆ.

ಮೇಲ್ ಬರೆಯುವ ತಾಳ್ಮೆ ಇರಲಿಲ್ಲ. ನಂಬರ್ ಕೇಳಿ ಪಡೆದು ನೇರ ವಿಡಿಯೋ ಕಾಲ್ ಮಾಡಿದೆ. ಮಾತಾಡದೆ ಫೋನನ್ನು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದೆ. ಟೀ ಕುಡಿಯುತ್ತಿದ್ದವರು, ಬನ್ನು ತಿನ್ನುತ್ತಿದ್ದವರು, ಸೆರಗು ಸರಿಮಾಡಿಕೊಂಡವರು, ಎಲ್ಲರನ್ನೂ ಆ ಕಡೆಯಿಂದ ಅವರು ನೋಡಿದರು. ನಿಮ್ಮ ಯಂತ್ರ ಇದೇ ನೋಡಿ ಎಂದೆ. ಪಾಪ, ಒಳ್ಳೆಯ ಮನುಷ್ಯ. ನಾಚಿಕೊಂಡು ಕ್ಷಮೆ ಕೇಳಿದರು. ಇರುವ ಸಮಯ ಕಮ್ಮಿ, ಎಲ್ಲವನ್ನೂ ನಿಮ್ಮ ಹೆಸರಿನಲ್ಲೇ ಒಪ್ಪಿಬಿಡುತ್ತೇನೆ, ಉಳಿದ ಕಷ್ಟದ ಸಾಲುಗಳನ್ನು ಮುಗಿಸಿಕೊಡಿ ಎಂದರು. ಗೆದ್ದೆವು ಎಂದುಕೊಂಡೆ.

ಆಗ ಬೆಂಚಿನ ತುದಿಯಿಂದ ಅವಳು, ಅವತ್ತು ಮೌಸಿನಿಂದ ಕೈ ತೆಗೆದವಳು, ಮಾತಾಡಿದಳು.

"ಟೀಚರ್, ಮದುವೆ ಆದಾಗಿಂದ ನಾನ್ ಕೊಯ್ದಿದ್ದೆಲ್ಲ ನಮ್ಮನೆಯವ್ರ ಹೆಸ್ರಲ್ಲೇ ತೂಕ ಆಗಿದ್ದು. ಇಲ್ಲಾದ್ರೂ ಬೇರೆಯವ್ರ ಹೆಸ್ರಲ್ಲಿ ಬೇಡ. ನನ್ ಚೀಲ ಬೇರೆ ತೂಗ್ಲಿ."

ಬೇರೆಯವರು ಅಂದರೆ ನಾನು. ಚುರುಕ್ಕೆಂದಿತು. ಮೊದಲಿಗೆ ಅವಳ ಮೇಲೆ ಕೋಪವೇ ಬಂತು. ಹಾಗೆ ಮಾಡಬೇಕಾದರೆ ಹಾಕಿದ್ದನ್ನೆಲ್ಲ ತೆಗೆಸಿ ಒಬ್ಬೊಬ್ಬಳೂ ತನ್ನದೇ ಖಾತೆಯಿಂದ ಮತ್ತೆ ತುಂಬಬೇಕು, ತಾರೀಕು ತಪ್ಪಿದರೆ ಇಷ್ಟು ದಿನದ ಕೆಲಸ ನೀರುಪಾಲು, ಮೆನು ಮತ್ತೆ ಇಂಗ್ಲಿಷು. ಫೋನಿನಲ್ಲಿದ್ದವರೂ ಅದನ್ನೇ ಹೇಳಿದರು. ಆದರೆ ಉಳಿದವರ ಮುಖ ನೋಡಿದೆ. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಇವರು ಯಾರೂ ಕೇಳದಿದ್ದರೂ ಇವರ ಪರವಾಗಿ ನಾನು ಊರವರ ಜೊತೆಗೆಲ್ಲ ಜಗಳ ಮಾಡಿದವಳು. ಇವಳು ತನ್ನದನ್ನು ತಾನು ಕೇಳಿದ್ದಾಳೆ. ತೆಗೆದುಹಾಕಿ ಸಾರ್, ಮತ್ತೆ ತುಂಬುತ್ತೇವೆ ಎಂದುಬಿಟ್ಟೆ.

ಅವಳಿಗೆ ಇಮೇಲೇ ಇರಲಿಲ್ಲ, ಅಲ್ಲೇ ಮಾಡಿಕೊಟ್ಟೆ. ಹೆಸರು ಕೇಳುವಲ್ಲಿ ಗಂಡನ ಹೆಸರಿನ ಇನಿಶಿಯಲ್ ಹಾಕಲು ಹೋದೆ. ಅದು ಬೇಡ ಎಂದು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ದಿನವೂ ಬೇಕರಿಯವನು ಶಟರ್ ಎಳೆಯುವವರೆಗೆ ಕೂತೆವು. ಎರಡನೆಯ ಸಲ ಬರೆಯುವಾಗ ಮಾತುಗಳು ಮೊದಲಿಗಿಂತ ಹದವಾಗಿ ಬಂದವು. ಸಹಾಯದ ಪುಟಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲೇ ಉಳಿಯಿತು, ಉಳಿಯಲಿ. ಮೆನು ಮಾತ್ರ ಒಂದೂ ಬಿಡದೆ ಕನ್ನಡವಾಯಿತು, ತಾರೀಕಿನೊಳಗೇ.

ಹೊಸ ಆವೃತ್ತಿ ಬಂದ ದಿನ, ಕೆಲಸ ಮಾಡಿದವರ ಹೆಸರುಗಳ ಪುಟ ತೆಗೆದು ತೋರಿಸಿದೆ. ನಾನಾ ದೇಶದವರ ನಡುವೆ ಅವಳ ಹೆಸರೂ ಇತ್ತು, ಹಿಂದೆ ಮುಂದೆ ಯಾರ ಅಕ್ಷರವೂ ಇಲ್ಲದೆ. ಅವಳು ಬೆರಳಿಟ್ಟು ಓದಿ, ತಲೆಯಾಡಿಸಿ, ತನ್ನ ಪಾಠಕ್ಕೆ ಹೋಗಿ ಕೂತಳು. ಇಷ್ಟೇನಾ ಎಂದು ನನಗೆ ಸ್ವಲ್ಪ ಬೇಜಾರೂ ಆಯಿತು.

ಮುಂದಿನ ಕೊಯ್ಲು ಶುರುವಾದ ವಾರ ಕ್ಲಾಸಿಗೆ ತಡವಾಗಿ ಬಂದಳು. ಯಾಕೆಂದು ಕೇಳಿದರೆ, ತೂಕ ಹಾಕುವಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೊತೆ ಮಾತಿಗೆ ಮಾತು ಬೆಳೆಯಿತು ಎಂದಳು. ಗಂಡನ ಚೀಲದ ಪಕ್ಕ ತನ್ನ ಚೀಲ ಬೇರೆ ಇಟ್ಟಿದ್ದಳಂತೆ. ಒಂದೇ ಮನೆಗೆ ಎರಡು ಹೆಸರು ಯಾಕೆ ಎಂದು ಅವರು ಗದರಿದರಂತೆ. ನೀನೇನು ಹೇಳಿದೆ ಎಂದೆ.

"ಅಷ್ಟು ದೊಡ್ಡ ಕಂಪ್ಯೂಟರಲ್ಲೇ ನನ್ ಹೆಸ್ರು ಬೇರೆ ಇದೆ ರೈಟ್ರೇ, ನಿಮ್ ತಕ್ಕಡೀಲಿ ಇದ್ರೆ ಏನಾಗತ್ತೆ, ಬರ್ಕೊಳ್ಳಿ ಅಂದೆ. ಬರ್ಕೊಂಡ್ರು ಟೀಚರ್."